ಉರುಳು ಬೇರಿಂಗುಗಳಲ್ಲಿ ಮೇಲ್ಮೈ ದಣಿವು: ಕಾರಣ, ನಿವಾರಣೆ ಮತ್ತು ಪರಿಭಾಷೆ

ರಾಯಚೂರು ನಗರದ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಾಗಲಿ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಾಗಲಿ, ಯಂತ್ರವೊಂದು ಕೂಗತೊಡಗಿ ಕೊನೆಗೆ ನಿಂತುಬಿಟ್ಟರೆ ಫಿಟ್ಟರನಿಂದ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ‘ಬೇರಿಂಗ್ ಹೋಯಿತು.’ ಇನ್ನಷ್ಟು ವಿವರ ಕೇಳಿದರೆ ‘ಸವೆದಿದೆ’ ಎಂಬ ಉತ್ತರ ದೊರೆಯುತ್ತದೆ. ಹೋದದ್ದನ್ನು ಕಳಚಿ ಮೂಲೆಗೆಸೆದು, ಅದೇ ಸಂಖ್ಯೆಯ ಹೊಸದೊಂದನ್ನು ಅಂಗಡಿಯಿಂದ ತಂದು ಬಡಿದು ಕೂರಿಸಲಾಗುತ್ತದೆ. ಮುಂದಿನ ಹಂಗಾಮಿನ ವೇಳೆಗೆ ಅದೇ ಜಾಗದಲ್ಲಿ ಅದೇ ಕೂಗು ಮರಳಿದರೆ ‘ಮಾಲು ಸರಿಯಿಲ್ಲ’ ಎಂದು ಅಂಗಡಿಯವರನ್ನು ದೂರುವುದು ವಾಡಿಕೆ. ಮಾಲು ಕೆಟ್ಟದ್ದಿರಬಹುದು, ನಕಲಿಯೂ ಇರಬಹುದು. ಆದರೆ ಹೆಚ್ಚಿನ ಪ್ರಸಂಗಗಳಲ್ಲಿ ಅಲ್ಲಿ ನಡೆದಿರುವುದು ಸವೆತವೇ ಅಲ್ಲ. ಅದು ಲೋಹದ ದಣಿವು. ಇವೆರಡೂ ಭಿನ್ನ ವ್ಯಾಪಾರಗಳು. ಇವುಗಳ ಕಾರಣಗಳೂ ಬೇರೆ, ಚಿಕಿತ್ಸೆಗಳೂ ಬೇರೆ. ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುತ್ತದೆ ಎಂಬ ಕಾರಣಕ್ಕಾಗಿಯೇ ಯಂತ್ರಶಾಸ್ತ್ರದ ಈ ವಿಷಯವನ್ನು ಭಾಷಾಧ್ಯಯನದ ಪತ್ರಿಕೆಯೊಂದರಲ್ಲಿ ಚರ್ಚಿಸುವುದು ಉಚಿತವೆಂದು ಭಾವಿಸಲಾಗಿದೆ.

ಪ್ರಸ್ತುತ ಲೇಖನದಲ್ಲಿ ‘ಉರುಳು ಬೇರಿಂಗ್’ ಎಂಬ ಮಾತನ್ನು ಗುಂಡುಗಳು ಅಥವಾ ಉರುಳೆಗಳು ಎರಡು ಉಕ್ಕಿನ ಬಳೆಗಳ ನಡುವೆ ಉರುಳುತ್ತ ಭಾರ ಹೊರುವ ಬೇರಿಂಗಿಗೆ ಬಳಸಲಾಗಿದೆ. ದಂಡಕ್ಕೆ ಬಿಗಿಯಾಗಿ ಕೂರುವುದು ಒಳಬಳೆ. ಹೊರಗಿನ ಗೂಡಿನಲ್ಲಿ ಕೂರುವುದು ಹೊರಬಳೆ. ಗುಂಡು ಉರುಳುವ ನುಣುಪಾದ ಪಥಕ್ಕೆ ‘ಜಾಡು’ ಎಂದು ಕರೆಯಲಾಗಿದೆ. ಬೇರಿಂಗ್ ಎಂಬ ಪದವನ್ನೇ ಕನ್ನಡಿಸುವ ಗೋಜಿಗೆ ಹೋಗಿಲ್ಲ. ಅದು ಈಗಾಗಲೇ ಕನ್ನಡದ್ದೇ ಆಗಿದೆ.

ಬಂಡಿಯ ಅಚ್ಚು

ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ. ಕಾಕತೀಯರ ಕಾಲದ, ಕ್ರಿ.ಶ. 1294ರ ಶಾಸನವುಳ್ಳ ಆ ಕಲ್ಲು ಶಾಸನತಜ್ಞರಿಗೆ ಸುಪರಿಚಿತ. ಶಾಸನದ ಪಕ್ಕದಲ್ಲಿ ಆ ಕಲ್ಲನ್ನು ಗಣಿಯಿಂದ ಸಾಗಿಸಿ ತಂದ ಬಗೆಯನ್ನೇ ಗೆರೆಚಿತ್ರವಾಗಿ ಕೊರೆಯಲಾಗಿದೆ: ಗಾಲಿಗಳುಳ್ಳ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗಳಿಗೆ ಸನ್ನೆಗೋಲು ಹಾಕಿ ಮೀಟುವವರು. ಚಿತ್ರವನ್ನು ಇತಿಹಾಸದ ದೃಷ್ಟಿಯಿಂದ ನೋಡಿದವರು ಬಹಳ. ಯಂತ್ರದ ದೃಷ್ಟಿಯಿಂದ ನೋಡಿದರೆ ಅಷ್ಟೊಂದು ಕೋಣಗಳು ಏಕೆ ಬೇಕಾದವು ಎಂಬ ಪ್ರಶ್ನೆ ಏಳುತ್ತದೆ. ಗಾಲಿ ನೆಲದ ಮೇಲೆ ಉರುಳುತ್ತದೆ, ನಿಜ. ಆದರೆ ಗಾಲಿಯ ಗುಂಬವು ಅಚ್ಚಿನ ಮೇಲೆ ಉರುಳುವುದಿಲ್ಲ, ಜಾರುತ್ತದೆ. ಕಲ್ಲಿನ ಪೂರ್ಣ ಭಾರ ಆ ಜಾರುವ ಜಾಗದ ಮೇಲೆ ಬೀಳುತ್ತದೆ. ಕೋಣಗಳ ಶಕ್ತಿಯ ಒಂದು ದೊಡ್ಡ ಪಾಲು ಕಲ್ಲನ್ನು ಎಳೆಯುವುದಕ್ಕಲ್ಲ, ಅಚ್ಚನ್ನು ಉಜ್ಜುವುದಕ್ಕೆ ವ್ಯಯವಾಗುತ್ತದೆ.

ನಮ್ಮ ರೈತರು ಈ ಉಜ್ಜುವಿಕೆಗೆ ಕಂಡುಕೊಂಡ ಪರಿಹಾರ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಹಚ್ಚುವ ಪದ್ಧತಿ ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಮರದ ಗಾಲಿಯ ಬಂಡಿಗಳಿದ್ದಷ್ಟು ಕಾಲ ಇತ್ತು. ಬಂಡಿ ‘ಕಿರ್ರ್’ ಎಂದು ಕೂಗಿದಾಗ ಎಣ್ಣೆ ಹಾಕುವುದು. ಕೂಗು ನಿಂತರೆ ಸಾಕು. ಅಚ್ಚು ವರ್ಷದಿಂದ ವರ್ಷಕ್ಕೆ ತೆಳುವಾಗುವುದು ಕಣ್ಣಿಗೆ ಕಾಣುತ್ತಿತ್ತು, ಗಾಲಿ ಅಲ್ಲಾಡುವುದು ಕೈಗೆ ತಿಳಿಯುತ್ತಿತ್ತು. ಸವೆತದ ಸ್ವಭಾವವೇ ಹಾಗೆ: ಅದು ಮೇಲಿನಿಂದ ಒಳಗೆ ಹೋಗುತ್ತದೆ, ನಿಧಾನವಾಗಿ ಸಾಗುತ್ತದೆ, ಮೊದಲೇ ಸೂಚನೆ ಕೊಡುತ್ತದೆ. ಕೂಗಿದಾಗ ಎಣ್ಣೆ ಹಾಕುವವನಿಗೆ ಹೆಚ್ಚಿನ ನಷ್ಟವಿರಲಿಲ್ಲ.

ಮರದ ಗಾಲಿ ಹೋಗಿ ಟೈರು ಬಂಡಿ ಬಂದಾಗ ಅದರೊಳಗೆ ಬೇರಿಂಗೂ ಬಂತು. ಜಾರುವ ಜಾಗದಲ್ಲಿ ಉರುಳುವಿಕೆ ಬಂದದ್ದರಿಂದ ಎತ್ತುಗಳ ಹೊರೆ ಹಗುರವಾಯಿತು. ಆದರೆ ‘ಕೂಗಿದಾಗ ಎಣ್ಣೆ’ ಎಂಬ ಹಳೆಯ ನಡವಳಿಕೆ ಮಾತ್ರ ಹಾಗೆಯೇ ಉಳಿಯಿತು. ಬಂಡಿಯಿಂದ ಗಿರಣಿಗೂ ದಾಟಿತು. ಬೇರಿಂಗಿನ ವಿಷಯದಲ್ಲಿ ಈ ನಡವಳಿಕೆ ಕೆಲಸಕ್ಕೆ ಬಾರದು. ಏಕೆಂದರೆ ದಣಿವಿನಿಂದ ಕೆಡುತ್ತಿರುವ ಬೇರಿಂಗ್ ಕೂಗುವ ವೇಳೆಗೆ ಒಳಗಿನ ಬಿರುಕು ಹುಟ್ಟಿ, ಬೆಳೆದು, ಮೇಲ್ಮೈ ಒಡೆದಿರುತ್ತದೆ. ಆಗ ತುಂಬಿದ ಗ್ರೀಸ್ ಸದ್ದನ್ನು ಕೆಲವು ದಿನ ಅಡಗಿಸಬಹುದಲ್ಲದೆ ಬಿರುಕನ್ನು ಮುಚ್ಚಲಾರದು.

ದಣಿವು ಎಂದರೇನು

ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಲ ಬಗ್ಗಿಸಿದರೆ ಮುರಿಯುತ್ತದೆ. ಒಂದೇ ಸಲಕ್ಕೆ ಮುರಿಯಲು ಸಾಲದ ಬಲ, ಪುನರಾವರ್ತನೆಯಿಂದ ಮುರಿಯುತ್ತದೆ ಎಂಬುದೇ ದಣಿವಿನ ಸಾರ. ಯುರೋಪಿನಲ್ಲಿ ಈ ಸಂಗತಿ ಗಂಭೀರ ಚರ್ಚೆಗೆ ಬಂದದ್ದು ರೈಲಿನಿಂದ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸಾಯಿಯಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಪ್ರಷ್ಯದ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಅಚ್ಚುಗಳನ್ನು ಲಕ್ಷಾಂತರ ಸಲ ತಿರುಗಿಸಿ ಪರೀಕ್ಷಿಸಿ, ಭಾರದ ಪ್ರಮಾಣದಷ್ಟೇ ಆವರ್ತನಗಳ ಸಂಖ್ಯೆಯೂ ಮುಖ್ಯವೆಂದು ತೋರಿಸಿದನು. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸು ರೈಲ್ವೆಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗ ಈ ತಿಳಿವಳಿಕೆ ಇನ್ನೂ ಹೊಸದು.

ವೋಲರನ ಅಚ್ಚಿನಲ್ಲಿ ಬಿರುಕು ಸಾಮಾನ್ಯವಾಗಿ ಹೊರಮೈಯಲ್ಲಿ ಹುಟ್ಟುತ್ತಿತ್ತು. ಬೇರಿಂಗಿನ ದಣಿವಿಗೆ ಇನ್ನೊಂದು ವಿಚಿತ್ರ ಗುಣವಿದೆ. ಗುಂಡು ಜಾಡನ್ನು ಮುಟ್ಟುವ ಜಾಗ ಅತಿ ಚಿಕ್ಕದು. ರೇಖಾಗಣಿತದ ಪ್ರಕಾರ ಅದೊಂದು ಬಿಂದು. ವಾಸ್ತವದಲ್ಲಿ ಉಕ್ಕು ತುಸು ಅಮುಕಿಕೊಂಡು ಚಿಕ್ಕ ಅಂಡಾಕಾರದ ತಾಣವಾಗುತ್ತದೆ. ಜರ್ಮನಿಯ ಹೈನ್ರಿಖ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಈ ತಾಣದ ಗಣಿತವನ್ನು ಬಿಡಿಸಿದನು (ಮುಂದೆ ವಿದ್ಯುತ್ಕಾಂತೀಯ ಅಲೆಗಳಿಂದ ಪ್ರಸಿದ್ಧನಾದ ಹರ್ಟ್ಸ್ ಇವನೇ). ಇಂಥ ತಾಣದಲ್ಲಿ ಒಂದು ಚದರ ಮಿಲಿಮೀಟರಿನ ಮೇಲೆ 100ರಿಂದ 300 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುವುದು ಸಾಮಾನ್ಯ. ಅಕ್ಕಿಯ ಚೀಲವೊಂದಕ್ಕಿಂತ ಹೆಚ್ಚಿನ ಭಾರ ಪೆನ್ಸಿಲಿನ ಮೊನೆಯ ಮೇಲೆ ನಿಂತಂತೆ. ಆದರೂ ಲೋಹವನ್ನು ಕತ್ತರಿಸುವ ದಿಕ್ಕಿನ ಬಲ ಅತ್ಯಧಿಕವಾಗುವುದು ಮೇಲ್ಮೈಯಲ್ಲಲ್ಲ. ಮೇಲ್ಮೈಯಿಂದ ಮಿಲಿಮೀಟರಿನ ಒಂದಿಷ್ಟು ಅಂಶ ಕೆಳಗೆ. ಪ್ರತಿ ಗುಂಡು ದಾಟಿದಾಗಲೂ ಆ ಒಳಪದರ ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆಯಲ್ಪಡುತ್ತದೆ. ನಿಮಿಷಕ್ಕೆ 1000 ಸುತ್ತು ತಿರುಗುವ ದಂಡದಲ್ಲಿ ಇದು ದಿನಕ್ಕೆ ಲಕ್ಷಗಟ್ಟಲೆ ಸಲ ನಡೆಯುತ್ತದೆ.

ಬೇರಿಂಗ್ ಉಕ್ಕಿನಲ್ಲಿ ಸುಮಾರು ಶೇ. 1ರಷ್ಟು ಇಂಗಾಲ, ಶೇ. 1.5ರಷ್ಟು ಕ್ರೋಮಿಯಂ ಇರುತ್ತದೆ. ಎಷ್ಟೇ ಶುದ್ಧವಾಗಿ ಕರಗಿಸಿದರೂ ಅಲ್ಯೂಮಿನಿಯಂ ಆಕ್ಸೈಡಿನಂಥ ಗಡುಸು ಕಣಗಳು ಅಲ್ಲಲ್ಲಿ ಉಳಿದುಬಿಡುತ್ತವೆ. ಒಳಪದರದಲ್ಲಿ ಇಂಥ ಕಣವೊಂದಿದ್ದರೆ ಅದರ ಅಂಚಿನಲ್ಲಿ ಸೂಕ್ಷ್ಮ ಬಿರುಕು ಹುಟ್ಟುತ್ತದೆ. ಮೇಲ್ಮೈಗೆ ಸಮಾಂತರವಾಗಿ ಹರಡಿ, ಆಮೇಲೆ ಮೇಲಕ್ಕೆ ತಿರುಗಿ, ಕೊನೆಗೊಂದು ದಿನ ಮೇಲಿನ ಲೋಹವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ರಾಯಚೂರಿನ ಗುಡ್ಡಗಳ ಬೋಳು ಬಂಡೆಗಳನ್ನು ನೋಡಿದವರಿಗೆ ಈ ನೋಟ ಹೊಸದಲ್ಲ. ಬಂಡೆಯ ಮೈಯಿಂದ ಸಿಪ್ಪೆಯಂತೆ ಚಕ್ಕೆ ಏಳುವಲ್ಲಿಯೂ ಬಿರುಕು ಮೊದಲು ಒಳಗೇ, ಮೈಗೆ ಸಮಾಂತರವಾಗಿಯೇ ಹರಡಿರುತ್ತದೆ. ಕಾರಣಗಳು ಬೇರೆಯಾದರೂ ರೂಪ ಒಂದೇ. ‘ಚಕ್ಕೆ ಏಳುವುದು’ ಎಂಬ ಕಲ್ಲುಕೆಲಸದವರ ಮಾತು ಈ ಹಾನಿಗೆ ಹೇಳಿ ಮಾಡಿಸಿದಂತಿದೆ.

ಇಲ್ಲಿ ಪದದ ಬಗ್ಗೆ ಒಂದೆರಡು ಮಾತು ಅಗತ್ಯ. ಈ ವ್ಯಾಪಾರಕ್ಕೆ ‘ಶ್ರಾಂತಿ’, ‘ಆಯಾಸ’ ಎಂಬ ಸಂಸ್ಕೃತ ಪದಗಳೂ ಒದಗಬಲ್ಲವು. ನನಗೆ ‘ದಣಿವು’ ಹೆಚ್ಚು ಸೂಕ್ತವೆನಿಸುತ್ತದೆ. ಸರಳವಾಗಿದೆಯೆಂಬ ಕಾರಣಕ್ಕಷ್ಟೇ ಅಲ್ಲ. ‘ಕಣ್ಣು ದಣಿಯುವಷ್ಟು ನೋಡಿದೆ’ ಎನ್ನುವಲ್ಲಿ ದಣಿಯುವುದೆಂದರೆ ಸೋಲುವುದಲ್ಲ, ಸಾಕೆನ್ನುವಷ್ಟಾಗುವುದು. ಮತ್ತೆ ಮತ್ತೆ ಆಗಿ ಅಳತೆ ತುಂಬಿತು ಎಂಬ ಈ ಅರ್ಥಚ್ಛಾಯೆ ಲೋಹಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಪದದಲ್ಲಿ ಒಂದು ಅಪಾಯವೂ ಇದೆ. ದಣಿದ ಮನುಷ್ಯ, ದಣಿದ ಎತ್ತು ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತವೆ. ದಣಿದ ಲೋಹ ಚೇತರಿಸಿಕೊಳ್ಳುವುದಿಲ್ಲ. ಒಂದು ವಾರ ಯಂತ್ರ ನಿಲ್ಲಿಸಿದರೆ ಬೇರಿಂಗಿಗೆ ‘ರೆಸ್ಟ್’ ಸಿಗುತ್ತದೆಂದು ನಂಬುವುದು ರೂಪಕವನ್ನು ಅಕ್ಷರಶಃ ತೆಗೆದುಕೊಂಡದ್ದರ ಫಲ. ತಿರುಗಿದ ಸುತ್ತುಗಳು ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತವೆ. ಪಾಠ ಹೇಳುವವರು ಈ ಎಚ್ಚರಿಕೆಯನ್ನು ಪದದ ಜೊತೆಗೇ ಕೊಡಬೇಕಾಗುತ್ತದೆ.

ಆಯುಷ್ಯದ ಲೆಕ್ಕ

ದಣಿವನ್ನು ಲೆಕ್ಕಕ್ಕೆ ತಂದವರಲ್ಲಿ ಸ್ವೀಡನ್ನಿನ ಆರ್ವಿಡ್ ಪಾಮ್‌ಗ್ರೆನ್ ಪ್ರಮುಖ. 1924ರಲ್ಲಿ ಅವನು ಪ್ರಕಟಿಸಿದ ವಿಚಾರಗಳನ್ನು 1947ರಲ್ಲಿ ಗುಸ್ತಾಫ್ ಲುಂಡ್‌ಬೆರಿಯೊಡನೆ ಸೇರಿ ಪೂರ್ಣ ಸಿದ್ಧಾಂತವಾಗಿಸಿದನು. ಇಂದಿಗೂ ಬೇರಿಂಗ್ ತಯಾರಕರ ಕೈಪಿಡಿಗಳಲ್ಲಿರುವ ಮೂಲ ಸೂತ್ರ ಅದೇ. ಪ್ರತಿ ಬೇರಿಂಗಿಗೂ ತಯಾರಕರು ಒಂದು ಭಾರಸಾಮರ್ಥ್ಯದ ಅಂಕಿಯನ್ನು ಕೊಟ್ಟಿರುತ್ತಾರೆ. ಆ ಅಂಕಿಯನ್ನು ವಾಸ್ತವವಾಗಿ ಬೀಳುವ ಭಾರದಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿದರೆ ದೊರೆಯುವುದೇ ಆಯುಷ್ಯ, ಹತ್ತು ಲಕ್ಷ ಸುತ್ತುಗಳ ಮಾನದಲ್ಲಿ. (ಉರುಳೆಗಳುಳ್ಳ ಬೇರಿಂಗಿಗೆ ಘಾತ ಮೂರಲ್ಲ, ಮೂರೂ ಮೂರನೆಯ ಒಂದು.)

ಸಾಮರ್ಥ್ಯವು ಭಾರದ ಹತ್ತು ಪಟ್ಟಿದೆ ಎನ್ನೋಣ. ಹತ್ತರ ಘನ 1000. ಅಂದರೆ 100 ಕೋಟಿ ಸುತ್ತು. ನಿಮಿಷಕ್ಕೆ 1000 ಸುತ್ತಿನ ದಂಡದಲ್ಲಿ ಇದು ಸುಮಾರು 16,667 ಗಂಟೆ. ದಿನಕ್ಕೆ ಹತ್ತು ಗಂಟೆ ನಡೆಯುವ ಗಿರಣಿಯಲ್ಲಿ 1,667 ದಿನ. ಈಗ ಬೆಲ್ಟನ್ನು ಅತಿಯಾಗಿ ಬಿಗಿದು ಭಾರ ಎರಡು ಪಟ್ಟಾಯಿತು ಎನ್ನೋಣ. ಐದರ ಘನ 125. ಗಂಟೆಗಳು 2,083ಕ್ಕೆ ಇಳಿಯುತ್ತವೆ, ದಿನಗಳು 208ಕ್ಕೆ. ಐದು ವರ್ಷ ಬರಬಹುದಾದದ್ದು ಒಂದು ಹಂಗಾಮು ದಾಟುವುದೂ ಕಷ್ಟ. ಭಾರ ಕಾಲುಭಾಗ ಹೆಚ್ಚಿದರೂ ಸಾಕು, ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ. ಬೆಲ್ಟು ಜಾರಬಾರದೆಂದು ಮೋಟಾರನ್ನು ಹಿಂದಕ್ಕೆಳೆದು ಬಿಗಿಯುವ ಫಿಟ್ಟರನಿಗೆ ಹೇಳಬೇಕಾದ ಒಂದೇ ಸಂಗತಿಯನ್ನು ಆರಿಸಬೇಕಾದರೆ ನಾನು ಈ ಘನದ ಲೆಕ್ಕವನ್ನೇ ಆರಿಸುತ್ತೇನೆ.

ಈ ಆಯುಷ್ಯದ ಅರ್ಥವನ್ನೂ ಸರಿಯಾಗಿ ಗ್ರಹಿಸಬೇಕು. ಒಂದೇ ತೆರನಾದ ನೂರು ಬೇರಿಂಗುಗಳನ್ನು ಒಂದೇ ತೆರನಾಗಿ ಓಡಿಸಿದರೆ, ಲೆಕ್ಕದ ಆಯುಷ್ಯ ಮುಗಿಯುವಷ್ಟರಲ್ಲಿ ಹತ್ತು ದಣಿದಿರುತ್ತವೆ, ತೊಂಬತ್ತು ಇನ್ನೂ ಓಡುತ್ತಿರುತ್ತವೆ. ಅರ್ಧದಷ್ಟು ಅದರ ನಾಲ್ಕೈದು ಪಟ್ಟು ಬಾಳುತ್ತವೆ. ಆದ್ದರಿಂದ ‘ಪಕ್ಕದ ಗಿರಣಿಯಲ್ಲಿ ಇದೇ ಬೇರಿಂಗ್ ಹತ್ತು ವರ್ಷ ಬಂತು’ ಎಂಬ ಒಂದು ಉದಾಹರಣೆಯಿಂದ ಯಾವ ತೀರ್ಮಾನವನ್ನೂ ಮಾಡಲಾಗದು. ಇದು ಜಾತಕವಲ್ಲ, ಸಂಭವನೀಯತೆ.

1985ರಲ್ಲಿ ಅಯೋನಿಡಿಸ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಸಂಶೋಧಕರು ಈ ಸಿದ್ಧಾಂತಕ್ಕೆ ಮಹತ್ವದ ತಿದ್ದುಪಡಿ ತಂದರು. ಭಾರ ಒಂದು ಮಿತಿಯೊಳಗಿದ್ದು, ಎಣ್ಣೆ ಸಾಕಷ್ಟಿದ್ದು, ಕಸ ಸೇರದಿದ್ದರೆ ಬೇರಿಂಗ್ ದಣಿಯದೆಯೂ ಇರಬಲ್ಲದು ಎಂಬುದು ಅವರ ವಾದದ ತಾತ್ಪರ್ಯ. 2007ರ ಅಂತಾರಾಷ್ಟ್ರೀಯ ಮಾನಕವಾದ ಐಎಸ್ಒ 281ರಲ್ಲಿ ಈ ದಣಿವಿನ ಮಿತಿಗೂ, ಎಣ್ಣೆಯ ಸ್ನಿಗ್ಧತೆ ಹಾಗೂ ಶುಚಿತ್ವಕ್ಕೂ ಸ್ಥಾನ ದೊರೆಯಿತು. ಅಂದರೆ ಕಸವೂ ಈಗ ಸೂತ್ರದೊಳಗೆ ಬಂದಿದೆ. ನಮ್ಮ ಗಿರಣಿಗಳ ಮಟ್ಟಿಗೆ ಮುಖ್ಯವಾದ ಮಾತು ಇದು.

ಮೇಲ್ಮೈಯಿಂದ ಆರಂಭವಾಗುವ ದಣಿವು

ಇತ್ತೀಚಿನ ದಶಕಗಳಲ್ಲಿ ಉಕ್ಕು ಎಷ್ಟು ಶುದ್ಧವಾಗಿದೆಯೆಂದರೆ ಒಳಪದರದಲ್ಲಿ ಹುಟ್ಟುವ ದಣಿವು ಅಪರೂಪವಾಗಿದೆ. ಒಳ್ಳೆಯ ತಯಾರಿಕೆಯ ಬೇರಿಂಗ್ ಅಕಾಲದಲ್ಲಿ ದಣಿದರೆ ಬಹುತೇಕ ಅದು ಮೇಲ್ಮೈಯಿಂದ ಆರಂಭವಾದದ್ದು; ಅಂದರೆ ಬಳಸುವವರ ಕೈಯಲ್ಲಿದ್ದ ಕಾರಣದಿಂದ ಬಂದದ್ದು.

ಗುಂಡಿಗೂ ಜಾಡಿಗೂ ನಡುವೆ ಇರಬೇಕಾದ ಎಣ್ಣೆಯ ಪೊರೆಯ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಡಿಮೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಷ್ಟು ತೆಳುವಾದ ಪೊರೆ ಅಷ್ಟು ಒತ್ತಡವನ್ನು ತಾಳುವುದು ಎಣ್ಣೆಯ ಒಂದು ವಿಶೇಷ ಗುಣದಿಂದ: ಅತಿ ಒತ್ತಡದಲ್ಲಿ ಎಣ್ಣೆ ಗಟ್ಟಿಯಾಗುತ್ತದೆ, ಕ್ಷಣಕಾಲ ಘನವಸ್ತುವಿನಂತೆ ವರ್ತಿಸುತ್ತದೆ. ಆದರೆ ಬಿಸಿಯೇರಿದರೆ ಎಣ್ಣೆ ತೆಳುವಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ತಗಡಿನ ಛಾವಣಿಯ ಕೆಳಗೆ, ಬಾಯ್ಲರಿನ ಪಕ್ಕದಲ್ಲಿ ತಿರುಗುವ ಬೇರಿಂಗಿಗೆ ತಂಪು ನಾಡಿನ ಲೆಕ್ಕದಲ್ಲಿ ಆರಿಸಿದ ಗ್ರೀಸ್ ಸಾಲದೇ ಹೋಗಬಹುದು. ಬೇರಿಂಗಿನ ಬಿಸಿ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೂ ಗ್ರೀಸಿನ ಆಯುಷ್ಯ ಅರ್ಧವಾಗುತ್ತದೆ ಎಂಬುದು ತಯಾರಕರು ಹೇಳುವ ಸ್ಥೂಲ ನಿಯಮ. ಪೊರೆ ಹರಿದಲ್ಲಿ ಲೋಹದ ಸೂಕ್ಷ್ಮ ಏರುಗಳು ಒಂದನ್ನೊಂದು ತಾಗುತ್ತವೆ. ಜಾಡು ಮೊದಲು ಕನ್ನಡಿಯಂತೆ ಹೊಳೆಯುತ್ತದೆ, ಆಮೇಲೆ ಮಂಕಾಗಿ ಬೂದುಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಕಣ್ಣಿಗೆ ಕಾಣುವ ಗುಳಿಗಳು ಬೀಳುತ್ತವೆ. ಹೊಳಪನ್ನು ಕಂಡು ‘ಚೆನ್ನಾಗಿ ಕೂತಿದೆ’ ಎನ್ನುವುದು ತಪ್ಪು ಓದು.

ಎರಡನೆಯ ಕಾರಣ ಕಸ. ಮಾನ್ವಿಯ ಗಿರಣಿಗಳಿಗೆ ಭತ್ತ ಬರುವುದು ಮುಖ್ಯವಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಂದ; ಭತ್ತದ ಜೊತೆಗೆ ಕಣದ ಮಣ್ಣು, ಮರಳು ಬರುತ್ತವೆ. ಗಿರಣಿಯ ಗಾಳಿಯಲ್ಲಿ ಹೊಟ್ಟಿನ ಪುಡಿ ಸದಾ ತೇಲುತ್ತಿರುತ್ತದೆ. ಭತ್ತದ ಹೊಟ್ಟನ್ನು ಸುಟ್ಟಾಗ ಉಳಿಯುವ ಬೂದಿಯ ಬಹುಪಾಲು ಸಿಲಿಕಾ. ಹೊಟ್ಟನ್ನೇ ಉರುವಲಾಗಿ ಬಳಸುವ ಬಾಯ್ಲರಿನಿಂದ ಈ ಬೂದಿಯೂ ಹಾರುತ್ತದೆ. ಮರಳಿನ ಸ್ಫಟಿಕ ಕಣವಂತೂ ಬೇರಿಂಗ್ ಉಕ್ಕಿಗಿಂತ ಗಡುಸು. ಇಂಥ ಕಣ ಗುಂಡಿನಡಿ ಸಿಕ್ಕಿದರೆ ಜಾಡಿನಲ್ಲಿ ಚಿಕ್ಕ ತಗ್ಗೊಂದು ಬೀಳುತ್ತದೆ. ತಗ್ಗಿಗಿಂತ ಅಪಾಯಕಾರಿ ಅದರ ಸುತ್ತ ಉಬ್ಬಿದ ಅಂಚು. ಮುಂದೆ ಬರುವ ಪ್ರತಿ ಗುಂಡೂ ಆ ಅಂಚನ್ನು ತುಳಿಯುತ್ತದೆ. ಎಣ್ಣೆಯ ಪೊರೆ ಅಲ್ಲಿ ಹರಿಯುತ್ತದೆ. ತಗ್ಗಿನ ಹಿಂಬದಿಯಿಂದ ಚಕ್ಕೆ ಏಳತೊಡಗಿ ಉರುಳುವ ದಿಕ್ಕಿನಲ್ಲಿ ಅಗಲವಾಗುತ್ತ ಹರಡುತ್ತದೆ. ಎದ್ದ ಚಕ್ಕೆಯ ಚೂರುಗಳೇ ಮತ್ತೆ ಹೊಸ ತಗ್ಗುಗಳನ್ನು ಮಾಡುತ್ತವೆ. ಒಂದು ಕಣದಿಂದ ಆರಂಭವಾದದ್ದು ಇಡೀ ಜಾಡಿಗೆ ವ್ಯಾಪಿಸುವುದು ಹೀಗೆ.

ಈ ಕಣಗಳು ಒಳಗೆ ಹೋಗುವ ಸಾಮಾನ್ಯ ದಾರಿ ಯಾವುದೆಂದರೆ, ನಂಬುವುದು ಕಷ್ಟ, ಗ್ರೀಸ್ ಗನ್. ಧೂಳು ಕೂತ ನಿಪ್ಪಲನ್ನು ಒರೆಸದೆ ಗನ್ ಒತ್ತಿದರೆ ಮೊದಲು ಒಳಹೋಗುವುದು ಆ ಧೂಳೇ. ತೆರೆದಿಟ್ಟ ಗ್ರೀಸ್ ಡಬ್ಬಿಯಲ್ಲಿ ಕೈಯದ್ದಿ ಹಚ್ಚುವ ರೂಢಿಯೂ ಅಂಥದ್ದೇ. ಕೀಲೆಣ್ಣೆಯಲ್ಲಿ ಕರಿಯ ಪುಡಿಯನ್ನೇ ಬೆರೆಸಿ ಬಂಡಿ ಓಡಿಸಿದ ನಾಡಿನಲ್ಲಿ ಗ್ರೀಸಿನಲ್ಲಿ ನಾಲ್ಕು ಕಣ ಬಿದ್ದರೆ ಯಾರಿಗೂ ಗಾಬರಿಯಾಗುವುದಿಲ್ಲ. ಜಾರುವ ಅಚ್ಚಿಗೆ ಮೆತ್ತನೆಯ ಕರಿ ಸಹಾಯಕ; ಉರುಳುವ ಗುಂಡಿಗೆ ಮರಳು ಮಾರಕ.

ಮೂರನೆಯದು ನೀರು. ಭತ್ತವನ್ನು ಹಬೆಯಲ್ಲಿ ಬೇಯಿಸುವ ವಿಭಾಗದ ತೇವ ಒಂದು ಬಗೆ. ಇನ್ನೊಂದು ಬಗೆ ಹತ್ತಿ ಜಿನ್ನುಗಳದು. ಇದಕ್ಕೆ ಯಾರೂ ಗಮನ ಕೊಟ್ಟಂತಿಲ್ಲ. ರಾಯಚೂರು, ದೇವದುರ್ಗ ಭಾಗದ ಹತ್ತಿ ಮಾರುಕಟ್ಟೆಗೆ ಬರುವುದು ಮುಖ್ಯವಾಗಿ ಚಳಿಗಾಲದಲ್ಲಿ. ಮಳೆಗಾಲದುದ್ದಕ್ಕೂ ಜಿನ್ನುಗಳು ನಿಂತಿರುತ್ತವೆ. ನಿಂತ ಬೇರಿಂಗಿನಲ್ಲಿ ಗುಂಡುಗಳು ಅದದೇ ಜಾಗದಲ್ಲಿ ಕೂತಿರುತ್ತವೆ. ಗ್ರೀಸಿನೊಳಗೆ ಸೇರಿದ ತೇವ ಗುಂಡು ಜಾಡನ್ನು ಮುಟ್ಟುವಲ್ಲಿ ತುಕ್ಕಿನ ಚುಕ್ಕೆಗಳನ್ನು ಮೂಡಿಸುತ್ತದೆ. ಹಂಗಾಮು ಆರಂಭವಾದಾಗ ಯಂತ್ರ ಎಂದಿನಂತೆ ಓಡುತ್ತದೆ. ಕೆಲವು ವಾರಗಳ ಬಳಿಕ ಆ ಚುಕ್ಕೆಗಳೇ ದಣಿವಿನ ಮೊಳಕೆಗಳಾಗುತ್ತವೆ. ಬೇರಿಂಗ್ ಕೆಟ್ಟದ್ದು ಜನವರಿಯಲ್ಲಿ, ಕಾರಣ ಹುಟ್ಟಿದ್ದು ಆಗಸ್ಟಿನಲ್ಲಿ. ನಿಂತಿರುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ದಂಡವನ್ನು ಕೆಲವು ಸುತ್ತು ತಿರುಗಿಸಿ ಬೇರೆ ಸ್ಥಾನದಲ್ಲಿ ನಿಲ್ಲಿಸುವುದು, ಹಂಗಾಮು ಮುಗಿದಾಗಲೇ (ಆರಂಭದಲ್ಲಲ್ಲ) ಹೊಸ ಗ್ರೀಸ್ ತುಂಬಿ ಹಳೆಯ ತೇವವನ್ನು ಹೊರದೂಡುವುದು ಇದಕ್ಕೆ ಪರಿಹಾರ. ಖರ್ಚು ನಗಣ್ಯ.

ಕೂರಿಸುವಾಗಿನ ಪೆಟ್ಟು ನಾಲ್ಕನೆಯ ಕಾರಣ. ದಂಡಕ್ಕೆ ಬಿಗಿಯಾಗಬೇಕಾದದ್ದು ಒಳಬಳೆ. ಸುತ್ತಿಗೆ ಬೀಳುವುದು ಹೊರಬಳೆಯ ಮೇಲೆ. ಆ ಪೆಟ್ಟು ಒಳಬಳೆಯನ್ನು ತಲುಪಬೇಕಾದರೆ ಗುಂಡುಗಳ ಮೂಲಕವೇ ಹಾದುಹೋಗಬೇಕು. ಆಗ ಜಾಡಿನಲ್ಲಿ ಗುಂಡು ಗುಂಡಿಗೂ ಒಂದೊಂದು ಅಚ್ಚು ಬೀಳುತ್ತದೆ. ಕನ್ನಡದಲ್ಲಿ ‘ಅಚ್ಚು’ ಎಂದರೆ ಬಂಡಿಯ ಇರುಸೂ ಹೌದು, ಒತ್ತಿದ ಗುರುತೂ ಹೌದು. ಮೊದಲನೆಯದು ‘ಅಕ್ಷ’ದ ತದ್ಭವ. ಅಚ್ಚಿಗೆ ಕೂರಿಸುವಾಗ ಅಚ್ಚು ಬಿತ್ತು ಎಂಬ ಶ್ಲೇಷೆಯನ್ನು ತರಗತಿಯಲ್ಲಿ ಬಳಸಿಕೊಳ್ಳಬಹುದು, ವಿದ್ಯಾರ್ಥಿಗಳು ಮರೆಯುವುದಿಲ್ಲ. ಒಳಬಳೆಯ ಅಳತೆಯ ಕೊಳವೆಯೊಂದನ್ನಿಟ್ಟು ಅದರ ಮೇಲೆ ಬಡಿಯುವುದು, ಅಥವಾ ಬೇರಿಂಗನ್ನು ಹದವಾಗಿ ಬಿಸಿ ಮಾಡಿ ಹಿಗ್ಗಿಸಿ ಕೈಯಿಂದಲೇ ಸರಿಸುವುದು ಸರಿಯಾದ ಕ್ರಮ. ಬೆಂಕಿಯ ಜ್ವಾಲೆಯನ್ನು ನೇರವಾಗಿ ಹಿಡಿಯುವುದು ಮಾತ್ರ ಕೂಡದು, ಉಕ್ಕಿನ ಹದವೇ ಕೆಡುತ್ತದೆ.

ಗ್ರೀಸ್ ಎಷ್ಟು? ಕೂಗು ಕೇಳಿದೊಡನೆ ಹೊರಚೆಲ್ಲುವಷ್ಟು ತುಂಬುವುದು ರೂಢಿ. ವೇಗವಾಗಿ ತಿರುಗುವ ಬೇರಿಂಗಿನಲ್ಲಿ ಅತಿಯಾದ ಗ್ರೀಸ್ ಕಡೆಯಲ್ಪಟ್ಟು ಬಿಸಿಯಾಗುತ್ತದೆ. ಬಿಸಿಯಾದರೆ ಎಣ್ಣೆ ತೆಳುವಾಗುತ್ತದೆ. ತೆಳುವಾದರೆ ಪೊರೆ ಹರಿಯುತ್ತದೆ. ಗೂಡಿನ ಖಾಲಿ ಜಾಗದ ಮೂರನೆಯ ಒಂದರಿಂದ ಅರ್ಧದವರೆಗೆ ತುಂಬಿದರೆ ಸಾಕು. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬಾರದು. ಕೆಲವು ಜೋಡಿಗಳು ಕೂಡಿದಾಗ ನೀರಾಗಿ ಸೋರಿಹೋಗುತ್ತವೆ.

ಕೇಳುವುದು ಮತ್ತು ಓದುವುದು

ದೊಡ್ಡ ಕಾರ್ಖಾನೆಗಳ ದಾರಿ ಬೇರೆ. 1985ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ಸ್ಥಾವರದಲ್ಲಿ ಕಲ್ಲಿದ್ದಲಿನ ಸಾಗಣೆ ಪಟ್ಟಿಗಳು, ಅರೆಯುವ ಯಂತ್ರಗಳು, ದೈತ್ಯ ಫ್ಯಾನುಗಳು ಎಲ್ಲವೂ ಉರುಳು ಬೇರಿಂಗುಗಳನ್ನು ನೆಚ್ಚಿಕೊಂಡಿರುತ್ತವೆ; ಕಲ್ಲಿದ್ದಲು ತರುವ ರೈಲು ವ್ಯಾಗನ್ನುಗಳ ಅಚ್ಚುಗಳೂ ಅಷ್ಟೇ. ಮುಖ್ಯ ಫ್ಯಾನೊಂದರ ಬೇರಿಂಗ್ ಹೋದರೆ ಘಟಕದ ಉತ್ಪಾದನೆಯನ್ನೇ ತಗ್ಗಿಸಬೇಕಾಗುತ್ತದೆ. ಇಂಥಲ್ಲಿ ಕಂಪನವನ್ನು ಉಪಕರಣದಿಂದ ಅಳೆದು ದಣಿವನ್ನು ಮೊಳಕೆಯಲ್ಲೇ ಗುರುತಿಸುತ್ತಾರೆ. ತತ್ತ್ವ ಸರಳ: ಹೊರಬಳೆಯಲ್ಲಿ ಒಂದು ಗುಳಿ ಬಿದ್ದರೆ ಪ್ರತಿ ಗುಂಡೂ ಅದನ್ನು ದಾಟುವಾಗ ಒಂದು ತಟ್ಟು. ಗುಂಡುಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿ ಅದರ ಹತ್ತನೆಯ ನಾಲ್ಕು ಭಾಗ ತೆಗೆದರೆ ತಟ್ಟುಗಳ ಸಂಖ್ಯೆ ಸುಮಾರಾಗಿ ಸಿಗುತ್ತದೆ. ಒಳಬಳೆಯಾದರೆ ಹತ್ತನೆಯ ಆರು. ಎಂಟು ಗುಂಡು, ನಿಮಿಷಕ್ಕೆ 1500 ಸುತ್ತು ಎಂದಾದರೆ ಹೊರಬಳೆಯ ಗುಳಿ ಸೆಕೆಂಡಿಗೆ ಸುಮಾರು 80 ಸಲ ತಟ್ಟುತ್ತದೆ, ಒಳಬಳೆಯದು 120 ಸಲ. ಯಾವ ಬಳೆ ಕೆಟ್ಟಿದೆಯೆಂಬುದು ಬಿಚ್ಚದೆಯೇ ತಿಳಿಯುತ್ತದೆ. ಸ್ಕ್ರೂಡ್ರೈವರಿನ ಮೊನೆಯನ್ನು ಗೂಡಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳುವ ಗಿರಣಿಯ ಫಿಟ್ಟರ್ ಮಾಡುವುದೂ ತತ್ತ್ವತಃ ಇದನ್ನೇ. ಅವನ ಕಿವಿ ಗುರುತಿಸುವುದು ಸ್ವಲ್ಪ ತಡವಾಗಿ, ಅಷ್ಟೆ.

ಚಿಕ್ಕ ಗಿರಣಿಗೆ ಕಂಪನಮಾಪಕ ಎಟುಕದಿದ್ದರೂ ಓದುವ ವಿದ್ಯೆ ಎಟುಕುತ್ತದೆ. ಕಳಚಿದ ಬೇರಿಂಗ್ ಒಂದು ಶಾಸನವಿದ್ದಂತೆ. ಅದನ್ನು ಓದದೆ ಗುಜರಿಗೆ ಹಾಕುವುದು ಪುರಾವೆಯನ್ನು ಎಸೆದಂತೆ. ಹೊರಬಳೆ ಸ್ಥಿರವಾಗಿದ್ದು ಭಾರ ಒಂದೇ ದಿಕ್ಕಿನಿಂದ ಬಿದ್ದಿದ್ದರೆ ಅದರ ಜಾಡಿನ ಗುರುತು ಸುಮಾರು ಅರ್ಧ ಸುತ್ತಿಗೆ ಸೀಮಿತವಾಗಿರುತ್ತದೆ, ಇದು ಸಹಜ. ಗುರುತು ಪೂರ್ಣ ಸುತ್ತಿಗೂ ಹಬ್ಬಿದ್ದರೆ ಬೇರಿಂಗ್ ಅತಿಬಿಗಿಯಾಗಿ ಕೂತಿತ್ತೆಂದು ಅರ್ಥ. ಗುರುತು ಓರೆಯಾಗಿ ಒಂದಂಚಿನಿಂದ ಇನ್ನೊಂದಂಚಿಗೆ ಸಾಗಿದ್ದರೆ ದಂಡ ಮತ್ತು ಗೂಡು ನೇರವಾಗಿರಲಿಲ್ಲ. ಗುಂಡುಗಳ ಅಂತರಕ್ಕೆ ಸರಿಯಾಗಿ ತಗ್ಗುಗಳಿದ್ದರೆ ಸುತ್ತಿಗೆಯ ಪೆಟ್ಟು. ಚರ್ಮದ ಸುಕ್ಕಿನಂತೆ ಸಾಲು ಗೆರೆಗಳಿದ್ದರೆ ವಿದ್ಯುತ್ ಹರಿದಿದೆ: ಮೋಟಾರಿನ ಸೋರುವ ವಿದ್ಯುತ್ತಿನಿಂದ ಹೀಗಾಗುತ್ತದೆ. ವೆಲ್ಡಿಂಗ್ ಮಾಡುವಾಗ ಅರ್ಥಿಂಗ್ ತಂತಿಯನ್ನು ದೂರದಲ್ಲೆಲ್ಲೋ ಸಿಕ್ಕಿಸಿದ್ದರಿಂದ ಹರಿದ ವಿದ್ಯುತ್ತು ಬಿಡಿ ಬಿಡಿ ಸುಟ್ಟ ಗುಳಿಗಳನ್ನು ಮಾಡಿರುತ್ತದೆ.

ಬೇರಿಂಗಿನ ಹಾನಿಗಳನ್ನು ವರ್ಗೀಕರಿಸುವ ಐಎಸ್ಒ 15243 ಎಂಬ ಮಾನಕ 2004ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾಯಿತು. ಅದು ಹಾನಿಯನ್ನು ಆರು ಮುಖ್ಯ ವರ್ಗಗಳಲ್ಲಿಡುತ್ತದೆ. ಆರಕ್ಕೂ ಕನ್ನಡದಲ್ಲಿ ಬಳಕೆಯ ಪದಗಳಿವೆ: ದಣಿವು, ಸವೆತ, ತುಕ್ಕು, ವಿದ್ಯುತ್ ಸುಡಿತ, ಅಚ್ಚು ಬೀಳುವಿಕೆ, ಬಿರುಕು ಮತ್ತು ಮುರಿತ. ದಣಿವಿನೊಳಗೆ ಒಳಹುಟ್ಟು, ಮೈಹುಟ್ಟು ಎಂದು ಎರಡು ಕವಲು. ಇವುಗಳಲ್ಲಿ ‘ಸುಡಿತ’, ‘ಮೈಹುಟ್ಟು’ಗಳ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ, ಉಳಿದವುಗಳ ಬಗ್ಗೆ ಇರಲಾರದು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿದ ಮೇಲೆ ಪರಿಭಾಷೆಯ ಚರ್ಚೆ ಮತ್ತೆ ಚಿಗುರಿದೆ. ಆ ಚರ್ಚೆ ಪದವಿ ಪಠ್ಯಗಳನ್ನಷ್ಟೇ ಕಣ್ಣಮುಂದಿಟ್ಟುಕೊಂಡರೆ ಸಾಲದು. ಬೇರಿಂಗನ್ನು ಕೈಯಲ್ಲಿ ಹಿಡಿಯುವವರು ಐಟಿಐ ಓದಿದ ಹುಡುಗರು, ಓದದೆ ಕೆಲಸ ಕಲಿತವರು. ಅವರ ಬಾಯಲ್ಲಿ ‘ಗುಳಿ’, ‘ಚಕ್ಕೆ’, ‘ತುಕ್ಕು’ ಈಗಾಗಲೇ ಇವೆ, ಕಲ್ಲಿಗೆ, ಮಡಕೆಗೆ, ನೇಗಿಲಿಗೆ ಸಂಬಂಧಿಸಿದಂತೆ. ಅವನ್ನು ಬೇರಿಂಗಿಗೆ ಅನ್ವಯಿಸುವುದಷ್ಟೇ ಉಳಿದಿರುವ ಕೆಲಸ.

ಅದಕ್ಕೆ ಒಂದು ನೋಟುಪುಸ್ತಕ ಸಾಕು. ಯಾವ ಯಂತ್ರ, ಯಾವ ಜಾಗ, ಬೇರಿಂಗಿನ ಸಂಖ್ಯೆ, ಕೂರಿಸಿದ ದಿನ, ಕಳಚಿದ ದಿನ, ಹಾನಿ ಒಳಬಳೆಯಲ್ಲೋ ಹೊರಬಳೆಯಲ್ಲೋ ಗುಂಡಿನಲ್ಲೋ, ಮತ್ತು ಕೊನೆಯ ಅಂಕಣದಲ್ಲಿ ‘ಹೋಯಿತು’ ಎಂಬುದರ ಬದಲು ಮೇಲಿನ ಪದಗಳಲ್ಲೊಂದು. ಒಂದೇ ಜಾಗದಲ್ಲಿ ಎರಡು ಸಲ ‘ಗುಂಡಿನ ಅಂತರಕ್ಕೆ ಅಚ್ಚು’ ಎಂದು ಬರೆದ ಫಿಟ್ಟರ್ ಮೂರನೆಯ ಸಲ ಸುತ್ತಿಗೆಗೆ ಮೊದಲು ಕೊಳವೆಯನ್ನು ಹುಡುಕುತ್ತಾನೆ.